ಸಾಕ್ಷಿಗೆ ಮೊದಲೇ ಮುಗಿದ ಮಾವನ ದಾವೆ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಶಿಕಾರಿಪುರದಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿದ್ದೆ. ತವರು ಸೊರಬ. ವಾರವೆಲ್ಲ ಶಿಕಾರಿಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಶನಿವಾರ ಸಂಜೆ ಊರಿಗೆ ಹೋಗುತ್ತಿದ್ದೆ. ಆಫೀಸೆಂದರೆ ಎರಡು ಕೋಣೆ, ಕಪ್ಪು ಟೈಪ್‌ರೈಟರ್ ಒಂದು, ಮುಟ್ಟಿದರೆ ಬೆರಳಿಗೆ ಮಸಿ ಅಂಟುವ ಕಾರ್ಬನ್ ಹಾಳೆಗಳು. ಬರುತ್ತಿದ್ದ ಕೇಸುಗಳು ಪಾಲು, ಪಹಣಿ, ಬೇಲಿ ಒತ್ತುವರಿ ಇಂಥವೇ. ಸಿನಿಮಾದ ಕೇಸೊಂದು ನಮ್ಮ ಬಾಗಿಲಿಗೆ ಬಂದೀತೆಂದು ಯಾರೂ ಅಂದುಕೊಂಡಿರಲಿಲ್ಲ. ಅದನ್ನು ತಂದವನು ನನ್ನ ಸೋದರಮಾವ.

ಮಾವನಿಗೆ ಸೊರಬದಲ್ಲಿ ಬಟ್ಟೆ ಅಂಗಡಿ. ಆದರೆ ಊರವರು ಅವನನ್ನು ಗುರುತಿಸುತ್ತಿದ್ದದ್ದು ನಾಟಕದಿಂದ. ಗಿರಾಕಿಗೆ ಸೀರೆ ಬಿಡಿಸಿ ತೋರಿಸುತ್ತಲೇ ಸಂಭಾಷಣೆ ಗುನುಗುತ್ತಿದ್ದ. ಅವನು ಬರೆದವುಗಳಲ್ಲಿ ಜನ ಮತ್ತೆ ಮತ್ತೆ ಕೇಳುತ್ತಿದ್ದ ನಾಟಕ ಒಂದೇ. ಜಡೆಯಲ್ಲಿ ಆಡಿದರು, ತೊಗರ್ಸಿಯಲ್ಲಿ ಆಡಿದರು, ಈಸೂರಿನವರೂ ಕರೆಸಿಕೊಂಡರು. ಅದು ಹಿಟ್ಟಿನ ಗಿರಣಿ ನಡೆಸುವ ಒಬ್ಬ ಹೆಂಗಸಿನ ಕಥೆ. ಮದುವೆಯಾದ ಹೊಸತರಲ್ಲೇ ಗಂಡ ಮನೆ ಬಿಟ್ಟು ಹೋಗುತ್ತಾನೆ. ಆಕೆ ತಾನೇ ಡೀಸೆಲ್ ಇಂಜಿನ್ ಚಾಲೂ ಮಾಡುವುದನ್ನು ಕಲಿತು, ಸವೆದ ಗಿರಣಿ ಕಲ್ಲಿಗೆ ಉಳಿ ಹೊಡೆದು ಹರಿತ ಮಾಡುವುದನ್ನೂ ಕಲಿತು ಬದುಕು ಕಟ್ಟುತ್ತಾಳೆ. ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಗಂಡ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಆಕೆ ಕಾದಿದ್ದವರ ಹಿಟ್ಟೆಲ್ಲ ಬೀಸಿ ಕಳಿಸಿ, ಇಂಜಿನ್ ನಿಲ್ಲಿಸಿ, ಒಂದು ಮಾತೂ ಆಡದೆ ಅವನಿಗೆ ಊಟ ಬಡಿಸುತ್ತಾಳೆ. ಈ ಜಾಗದಲ್ಲಿ ಇಡೀ ಬಯಲು ಗಪ್ಪಾಗುತ್ತಿತ್ತು. ಆಮೇಲೆ ಗಂಡ ಅಳುತ್ತಾನೆ, ಹೆಂಡತಿ ಕ್ಷಮಿಸುತ್ತಾಳೆ, ಪರದೆ ಬೀಳುತ್ತದೆ.

ಇದು ನಡೆದ ಕಥೆ. ಸೊರಬದಿಂದ ಜಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಆ ಗಿರಣಿಯೂ ಇತ್ತು, ಆಕೆಯೂ ಇದ್ದಳು.

ಆ ವರ್ಷ ಸೊರಬದ ಟಾಕೀಸಿಗೆ ಹೊಸ ಸಿನಿಮಾವೊಂದು ಬಂತು. ಅತ್ತೆಯ ಬಲವಂತಕ್ಕೆ ಮಾವನೂ ಹೋದ. ಸಿನಿಮಾ ಅರ್ಧಕ್ಕೆ ಬರುವಾಗ ಅತ್ತೆಯ ಕೈ ಹಿಡಿದುಕೊಂಡನಂತೆ. ತೆರೆಯ ಮೇಲೆ ಗಿರಣಿ ಇತ್ತು, ಮನೆ ಬಿಟ್ಟು ಹೋದ ಗಂಡನಿದ್ದ, ಮಾತಿಲ್ಲದ ಊಟವಿತ್ತು. ಮರುದಿನ ಬೆಳಗಿನ ಬಸ್ಸಿಗೇ ಅವನು ಶಿಕಾರಿಪುರಕ್ಕೆ ಬಂದ. ಸಿಟ್ಟು ಮಾಡಿರಲಿಲ್ಲ. ಮನೆಯಲ್ಲಿ ಏನೋ ಕಳವಾದವನ ಹಾಗೆ ಸುಮ್ಮನೆ ಕುರ್ಚಿಯ ಮೇಲೆ ಕೂತ.

ನಮ್ಮ ಸೀನಿಯರ್ ಮಾವನ ನಾಟಕ ನೋಡಿದ್ದವರು. ಪೂರ್ತಿ ಕೇಳಿಸಿಕೊಂಡರು. ಕೃತಿಸ್ವಾಮ್ಯದ ಇಂಥ ದಾವೆ ತಾಲೂಕು ಕೋರ್ಟಿನಲ್ಲಿ ನಡೆಯುವುದಿಲ್ಲ, ಶಿವಮೊಗ್ಗದ ಜಿಲ್ಲಾ ಕೋರ್ಟಿಗೇ ಹಾಕಬೇಕು ಎಂದರು. ದಾವೆಯ ಅರ್ಜಿ ಸಿದ್ಧಪಡಿಸುವ ಕೆಲಸ ನನಗೆ ಬಂತು. ಸಂಜೆ ಹೊತ್ತು ಮಾವ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಮಧ್ಯೆ ಮಧ್ಯೆ ಅವನು ಎದ್ದು ನಿಂತು ಗಂಡನ ಪಾತ್ರವನ್ನೂ ಹೆಂಡತಿಯ ಪಾತ್ರವನ್ನೂ ತಾನೇ ಆಡಿ ತೋರಿಸುತ್ತಿದ್ದ. ಎದುರಿನ ಚಹಾದ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ನೋಡುತ್ತ ನಿಲ್ಲುತ್ತಿದ್ದ. ನನ್ನ ವಕೀಲಿಯ ಇಷ್ಟು ವರ್ಷಗಳಲ್ಲಿ ಅಷ್ಟು ಖುಷಿಯಿಂದ ಯಾವ ಅರ್ಜಿಯನ್ನೂ ಬರೆದಿಲ್ಲ.

ತಕರಾರು ಬಂದದ್ದು ಒಂದೇ ಮಾತಿಗೆ. ಇದು ನಿಜವಾಗಿ ನಡೆದ ಕಥೆ ಎಂದು ಅರ್ಜಿಯಲ್ಲಿ ಬರೆಯಲೇಬೇಕೆಂದು ಮಾವ ಹಟ ಹಿಡಿದ. ಸೀನಿಯರ್ ಬೇಡವೆಂದರು. ಹಾಗೆ ಬರೆದರೆ ಎದುರಿನವರು ತಾವೂ ಆ ಸುದ್ದಿಯನ್ನೇ ಕೇಳಿ ಸಿನಿಮಾ ಮಾಡಿದೆವು ಎನ್ನುತ್ತಾರೆ ಎಂದು ಬಿಡಿಸಿ ಹೇಳಿದರು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ, "ಆಕೆ ಇಲ್ಲೇ ಬದುಕಿದ್ದಾಳೆ ರೀ. ಆಕೆ ಬದುಕನ್ನ ನಾನು ಕೂತು ಹುಟ್ಟಿಸಿದೆ ಅಂತ ಹೆಂಗೆ ಬರೆಸ್ಲಿ?" ಎಂದ.

ಸೀನಿಯರ್ ನನ್ನ ಕಡೆ ನೋಡಿ ಬರಿಯಮ್ಮ ಎಂದರು. ಬರೆದೆ.

ದಾವೆ ದಾಖಲಾದ ಮೇಲೆ ಮಾವ ಸಾಕ್ಷಿ ಹೇಳುವುದಕ್ಕೆ ತಯಾರಾಗತೊಡಗಿದ. ಕಟಕಟೆಯಲ್ಲಿ ನಿಂತು ಊಟದ ದೃಶ್ಯವನ್ನು ಪೂರ್ತಿ ಹೇಳಬೇಕು, ನ್ಯಾಯಾಧೀಶರಿಗೆ ಅದು ಕಣ್ಣಿಗೆ ಕಟ್ಟಬೇಕು ಎಂಬುದು ಅವನ ಲೆಕ್ಕ. ಅದಕ್ಕೆಂದೇ ಹೊಸ ಪಂಚೆ, ಬಿಳಿ ಅಂಗಿ ತೆಗೆದಿಟ್ಟಿದ್ದ. ಅಂಗಡಿಗೆ ಬಂದವರಿಗೆಲ್ಲ ಶಿವಮೊಗ್ಗಕ್ಕೆ ಬನ್ನಿ ಎನ್ನುತ್ತಿದ್ದನೆಂದು ಅತ್ತೆ ನಗುತ್ತಿದ್ದಳು.

ಆದರೆ ಸಿನಿಮಾದವರ ವಕೀಲರು ಬೆಂಗಳೂರಿನಿಂದ ಬಂದು ಬೇರೆಯೇ ಅರ್ಜಿ ಹಾಕಿದರು. ವಾದಿ ಹೇಳಿದ್ದೆಲ್ಲ ನಿಜವೆಂದೇ ಒಪ್ಪಿಕೊಳ್ಳೋಣ, ಹಾಗೆ ಒಪ್ಪಿದರೂ ಅವರ ಹಕ್ಕಿಗೆ ಧಕ್ಕೆಯಾದದ್ದು ಕಾಣುವುದಿಲ್ಲ, ಆದ್ದರಿಂದ ವಿಚಾರಣೆಗೆ ಹೋಗದೆ ದಾವೆಯನ್ನು ಈಗಲೇ ತಿರಸ್ಕರಿಸಬೇಕು ಎಂದು. ಆ ಅರ್ಜಿಯ ಮೇಲೆ ವಾದ ನಡೆಯುವ ದಿನ ಮಾವ ಆ ಹೊಸ ಬಟ್ಟೆ ತೊಟ್ಟೇ ಬಂದಿದ್ದ. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತು, ನನ್ನ ಹೆಸರು ಯಾವಾಗ ಕರೀತಾರೆ ಎಂದು ಪಿಸುಗುಟ್ಟಿ ಕೇಳಿದ. ಇವತ್ತು ಕರೆಯುವುದಿಲ್ಲ ಮಾವ ಎಂದೆ.

ನ್ಯಾಯಾಧೀಶರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ನಾಟಕದ ಯಾವ ಮಾತು ಸಿನಿಮಾದಲ್ಲಿದೆ ತೋರಿಸಿ ಎಂದು ನಮ್ಮ ಸೀನಿಯರನ್ನು ಕೇಳಿದರು. ತೋರಿಸಲು ಇರಲಿಲ್ಲ. ಸಿನಿಮಾದವರ ಮಾತು ಬೇರೆ, ಉಳಿದ ಪಾತ್ರಗಳು ಬೇರೆ, ಹಾಡುಗಳೂ ಇದ್ದವು. ಒಂದೇ ಆಗಿದ್ದದ್ದು ಗಿರಣಿ, ಹೋದ ಗಂಡ, ಮಾತಿಲ್ಲದ ಊಟ. ಅವು ಮೂರೂ ನಡೆದ ಘಟನೆಯವು ಎಂದು ನಮ್ಮ ಅರ್ಜಿಯೇ ಹೇಳುತ್ತಿತ್ತು. ಸೀನಿಯರ್ ಬಿಟ್ಟುಕೊಡದೆ ವಾದಿಸಿದರು. ಆದರೆ ಮುಂದಿನ ತಾರೀಖಿಗೆ ಆದೇಶ ಬಂತು. ಇಂಗ್ಲಿಷಿನಲ್ಲಿ ಓದಿ ಮುಗಿಸಿದ ಮೇಲೆ ನ್ಯಾಯಾಧೀಶರು ಹಿಂದೆ ಕೂತಿದ್ದ ಮಾವನನ್ನು ನೋಡಿ ಕನ್ನಡದಲ್ಲಿ, "ನಡೆದ ಸಂಗತಿ ಯಾರ ಸ್ವತ್ತೂ ಅಲ್ಲ. ಅದನ್ನು ನೀವು ಹೇಳಿದ ರೀತಿ ಮಾತ್ರ ನಿಮ್ಮದು. ಅದು ಇಲ್ಲಿ ಕಾಣುತ್ತಿಲ್ಲ," ಎಂದರು. ದಾವೆ ಅಲ್ಲಿಗೆ ಮುಗಿಯಿತು.

ಆ ಸಂಜೆ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ನಾವಿಬ್ಬರೂ ಕೆರೆ ಏರಿಯ ಮೇಲೆ ಕೂತೆವು. ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು ಎಂದೆ. ಅಲ್ಲಾದರೂ ನನ್ನ ಬಾಯಿಂದ ಕೇಳುತ್ತಾರೋ ಎಂದ. ಇಲ್ಲ, ಅಲ್ಲಿ ವಕೀಲರು ಮಾತ್ರ ಮಾತಾಡುವುದು ಎಂದೆ. ಮಾವ ಒಂದು ಹಿಡಿ ಮಂಡಕ್ಕಿ ತೆಗೆದು ಮೀನಿಗೆಂದು ನೀರಿಗೆ ಎರಚಿದ.

"ಸೋತಿದ್ದಕ್ಕಲ್ಲ ಮಗಾ," ಎಂದ. "ನನ್ನನ್ನ ಒಂದು ಮಾತೂ ಕೇಳ್ಲಿಲ್ವಲ್ಲ."

ಆದೇಶ ಸರಿಯಾಗಿಯೇ ಇತ್ತು. ಅಂದೂ ಹಾಗೆ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ಪಕ್ಕದಲ್ಲಿ ಅವನು ಅಂದೂ ಅದೇ ಹೊಸ ಬಟ್ಟೆ ತೊಟ್ಟು ಕೂತಿದ್ದ. ಅದಕ್ಕೆ ಬಜ್ಜಿಯ ಎಣ್ಣೆ ತಾಗದಂತೆ ಪೊಟ್ಟಣವನ್ನು ನನ್ನ ಕಡೆ ಸರಿಸಿಕೊಂಡೆ.

ಬಸ್ ಬರುವ ಹೊತ್ತಿಗೆ ಅವನೇ ಇನ್ನೊಂದು ವಿಷಯ ತೆಗೆದ. ಗಿರಣಿಯಾಕೆಯ ಬದುಕು ಕೋರ್ಟಿನ ತನಕ ಹೋಯಿತು, ಬೇರೆ ಯಾರಾದರೂ ಹೇಳುವ ಮೊದಲು ತಾನೇ ಹೋಗಿ ಹೇಳಬೇಕು ಎಂದ. ನೀನೂ ಬಾ ಎಂದ.

ಆ ಭಾನುವಾರ ಜಡೆ ಬಸ್ಸಿಗೆ ಹೋಗಿ ಹಳ್ಳಿಯ ತಿರುವಿನಲ್ಲಿ ಇಳಿದೆವು. ಗಿರಣಿಯ ಸದ್ದು ದೂರದಿಂದಲೇ ಕೇಳುತ್ತಿತ್ತು. ಆಕೆ ಐವತ್ತು ದಾಟಿದ ಗಟ್ಟಿ ಹೆಂಗಸು, ಹುಬ್ಬಿನ ಮೇಲೆಲ್ಲ ಹಿಟ್ಟು. ಬಾಗಿಲ ಪಕ್ಕ ಬಿಳಿ ಗಡ್ಡದ ಒಬ್ಬರು ರಾಗಿ ಜರಡಿ ಹಿಡಿಯುತ್ತಿದ್ದರು. ಮಾವ ಮೆಲ್ಲಗೆ, ಅವರೇ ಗಂಡ ಎಂದ. ಆಕೆ ಇಂಜಿನ್ ನಿಲ್ಲಿಸಿ, ನಮಗೆ ಬೆಲ್ಲ ನೀರು ಕೊಟ್ಟು, ಮೂಟೆಗೆ ಒರಗಿ ಕೂತಳು.

ಮಾವ ಮೊದಲಿಂದ ಹೇಳಿದ. ತಾನು ಸುದ್ದಿ ಕೇಳಿದ್ದು, ನಾಟಕ ಬರೆದದ್ದು, ಸಿನಿಮಾ, ಕೋರ್ಟು, ಎಲ್ಲ. ಊಟದ ದೃಶ್ಯವನ್ನಂತೂ ಎದ್ದು ನಿಂತು ಆಡಿಯೇ ತೋರಿಸಿದ. ಆಕೆ ಒಮ್ಮೆಯೂ ಮಧ್ಯೆ ಬಾಯಿ ಹಾಕಲಿಲ್ಲ. ತನ್ನ ಮೇಲೆ ನಾಟಕವಿದೆ ಎಂದು ಗೊತ್ತಿತ್ತಂತೆ. ಗಿರಣಿ ಬಿಟ್ಟು ನೋಡುವುದಕ್ಕೆ ಹೋಗಿರಲಿಲ್ಲ, ಅಷ್ಟೆ.

"ಊಟ ಆದಮೇಲೆ ನಾನು ಏನ್ ಮಾಡ್ತೀನಿ ಸಾವ್ಕಾರ್ರೆ, ಅದ್ರಲ್ಲಿ?" ಎಂದು ಕೇಳಿದಳು.

ಮಾವ ಸ್ವಲ್ಪ ತಡವರಿಸಿ, ಕ್ಷಮಿಸುತ್ತೀರಿ ಎಂದ.

ಆಕೆ ನಕ್ಕಳು. ಕುಹಕದ ನಗುವಲ್ಲ. ತಾನು ಹಾಗೇನೂ ಹೇಳಲಿಲ್ಲ, ಕೈ ತೊಳೆದ ಮೇಲೆ ಗಾಡಿಯಲ್ಲಿದ್ದ ಗೋಧಿ ಮೂಟೆ ಇಳಿಸಲು ಹೇಳಿದೆ, ಇಳಿಸಿದರು, ಮರುದಿನ ಮತ್ತೆ ಮೂಟೆ ಬಂತು, ಹಾಗೇ ಉಳಿದುಕೊಂಡರು ಎಂದಳು. ಆಗ ಬಾಗಿಲ ಬಳಿಯಿಂದ ಆ ಮುದುಕರು ಜರಡಿ ನಿಲ್ಲಿಸಿ ಹೇಳಿದರು: "ಕ್ಷಮಿಸು ಅಂತ ಕೇಳೋ ಧೈರ್ಯ ನಂಗೇ ಬರ್ಲಿಲ್ಲ. ಈಗ್ಲೂ ಕೇಳಿಲ್ಲ."

ಆಕೆ ಅವರತ್ತ ನೋಡಲಿಲ್ಲ. ನಮ್ಮ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು, ಹೊರಗೆ ಬರಲು ಸ್ವಲ್ಪ ತಡವಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾವನ ತುಟಿ ಅಲ್ಲಾಡುತ್ತಲೇ ಇತ್ತು. ಸೊರಬ ಮುಟ್ಟಿದವನೇ ಅಂಗಡಿಯ ಹಿಂದಿನ ಕೋಣೆ ಹೊಕ್ಕ. ಕೊನೆಯ ದೃಶ್ಯವನ್ನು ಪೂರ್ತಿ ಹೊಡೆದುಹಾಕಿ ಬೇರೆ ಬರೆದ. ಗಂಡನ ಪಾತ್ರ ಮಾಡುತ್ತಿದ್ದ ಗೆಳೆಯನಿಗೆ ಬಹಳ ಬೇಸರವಾಯಿತು, ಅಳುವ ಮಾತುಗಳೆಲ್ಲ ಹೋಗಿದ್ದವು. ಮಾವ ಜಗ್ಗಲಿಲ್ಲ.

ಬೇಸಿಗೆಯಲ್ಲಿ ಸೊರಬದ ಶಾಲೆಯ ಬಯಲಿನಲ್ಲಿ ಅದನ್ನು ಆಡಿದರು. ಮಾವ ಕರೆದಿದ್ದಕ್ಕೆ ಗಿರಣಿಯಾಕೆ ಬಂದಳು, ಆ ಮುದುಕರೂ ಬಂದರು. ನಾನು ಅವರ ಹಿಂದಿನ ಚಾಪೆಯಲ್ಲಿದ್ದೆ. ಊಟ ಮುಗಿದು, ರಂಗದ ಮೇಲಿನ ಹೆಂಡತಿ ಮೂಟೆ ಇಳಿಸಿ ಎಂದಾಗ, ಕ್ಷಮೆಯ ಮಾತಿಗೆ ಕಾದಿದ್ದ ಜನ ಇನ್ನೂ ಏನೋ ಬರುತ್ತದೆಂದು ಕೂತೇ ಇದ್ದರು. ಪರದೆ ಬಿತ್ತು. ಚಪ್ಪಾಳೆ ತಡವಾಗಿ ಬಂತು, ಹಿಂದಿಗಿಂತ ಕಡಿಮೆಯೇ ಬಂತು.

ಜನ ಏಳತೊಡಗಿದರು. ಆಕೆ ಸೆರಗು ಸರಿಪಡಿಸಿಕೊಂಡು ಎದ್ದಳು. ಮುದುಕರಿಗೆ ಮಂಡಿ ನೋವಿತ್ತೆಂದು ಕಾಣುತ್ತದೆ, ನೆಲದಿಂದ ಏಳಲು ಒದ್ದಾಡುತ್ತಿದ್ದರು. ಆಕೆ ಕೈ ಚಾಚಿದಳು. ಅವರು ಆ ಕೈ ಹಿಡಿದು ಎದ್ದು, ಗುಂಪು ಕರಗುವ ತನಕ ಬಿಡದೆ ಬಯಲು ದಾಟಿದರು.