ಅಪ್ಪನ ಟ್ರಿಪ್ಪು

ಆಗೆಲ್ಲ ಬಕೆಟಿಗೆ ನೀರು ಬಿದ್ದ ಸದ್ದು ಕೇಳಿದರೆ ಇಡೀ ಕಟ್ಟಡವೇ ಎದ್ದು ಓಡುತ್ತಿತ್ತು. ನೀವು ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುವುದನ್ನು ನೋಡುವಾಗ ನನಗೆ ಕುವೈತಿನ ಆ ಸೆಕೆಗಾಲ ನೆನಪಾಗುತ್ತದೆ, ಮಕ್ಕಳೇ.

ಊರಿನ ಶಾಲೆಯಲ್ಲಿ ಏಳನೆಯದು ಮುಗಿಸಿ ಅಮ್ಮನ ಜೊತೆ ಅಲ್ಲಿನ ಮಂಗಫ್ ಎಂಬ ಊರಿಗೆ ಹೋಗಿದ್ದೆ. ಅಪ್ಪ ಅಲ್ಲಿ ನೀರು ಶುದ್ಧ ಮಾಡುವ ಸ್ಥಾವರದಲ್ಲಿ ಪಂಪುಗಳ ಕರೆಂಟಿನ ಪ್ಯಾನಲ್ ನೋಡಿಕೊಳ್ಳುತ್ತಿದ್ದರು. ಅವರ ಅಂಗಿಗೆ ಯಾವಾಗಲೂ ಕ್ಲೋರಿನ್ ವಾಸನೆ. ನಾವು ಊರಿಗೆ ಮರಳುವ ಮೊದಲೇ ಇರಾಕಿನ ಸೈನಿಕರು ಬಂದರು. ವಿಮಾನ ನಿಂತಿತು, ಅಂಗಡಿಗಳು ಖಾಲಿಯಾದವು. ಗಂಜಿಗೆ ಉಪ್ಪಿನಕಾಯಿಯ ರಸ ಮಾತ್ರ. ನಾನು ಎದುರುಮನೆಯ ನಫೀಸಕ್ಕನ ಮಗಳೊಂದಿಗೆ ಮೆಟ್ಟಿಲ ಮೇಲೆ ಖರ್ಜೂರದ ಬೀಜದಲ್ಲಿ ಕಲ್ಲಾಟ ಆಡುತ್ತಿದ್ದೆ. ನಫೀಸಕ್ಕನ ಗಂಡ ವ್ಯಾಪಾರಕ್ಕೆಂದು ದುಬೈಗೆ ಹೋದವರು ಅಲ್ಲೇ ಉಳಿದಿದ್ದರು.

ತಮ್ಮನ್ನು ಬಿಟ್ಟು ಹೊರಟುಬಿಡುತ್ತಾರೆಂದು ಎಲ್ಲರಿಗೂ ಎಲ್ಲರ ಮೇಲೂ ಸಂಶಯ. ಯಾರ ಮನೆಯಲ್ಲಾದರೂ ಪೆಟ್ಟಿಗೆ ಎಳೆದ ಸದ್ದಾದರೆ, ಅವರಿಗೆ ಗಡಿ ದಾಟಿ ಜೋರ್ಡಾನಿಗೆ ಹೋಗುವ ಗಾಡಿ ಸಿಕ್ಕಿತಂತೆ ಎಂದು ಪಿಸುಮಾತು ಹಬ್ಬುತ್ತಿತ್ತು.

ಒಂದು ಸಂಜೆ ಅಪ್ಪ ಫೋನಿನಲ್ಲಿ ಜೊತೆಗಾರನೊಬ್ಬನಿಗೆ ಹೇಳುತ್ತಿದ್ದರು: "ಬೆಳಿಗ್ಗೆಯೇ ಒಂದು ಟ್ರಿಪ್ ಆಯ್ತಾ? ಹಾಗಾದ್ರೆ ಇನ್ನು ಬೈಪಾಸೇ ಗತಿ. ನಾಳೆ ನಾನೇ ಬರ್ತೇನೆ. ಯಾರಿಗೂ ಹೇಳ್ಬೇಡ."

ನಮ್ಮೂರಲ್ಲಿ ಟ್ರಿಪ್ ಎಂದರೆ ಬಸ್ಸಿನದು, ಬೈಪಾಸ್ ಎಂದರೆ ಪೇಟೆ ತಪ್ಪಿಸುವ ರಸ್ತೆ. ಮಾತು ಅಮ್ಮನಿಗೂ, ಗಾಳಿಗೆಂದು ತೆರೆದಿಟ್ಟ ಬಾಗಿಲಿನಿಂದ ಎದುರುಮನೆಗೂ ಕೇಳಿಸಿತ್ತು; ಅಪ್ಪ ಗುಟ್ಟಾಗಿ ಹೊರಡುತ್ತಾರೆಂದೇ ಎಲ್ಲರೂ ತಿಳಿದೆವು.

ಮರುದಿನ ಅಪ್ಪನ ಇಕಾಮಾ ಕಾಣಲಿಲ್ಲ. ಆ ಗುರುತಿನ ಕಾರ್ಡು ಇಲ್ಲದೆ ಸೈನಿಕರು ರಸ್ತೆಯಲ್ಲಿ ಬಿಡುತ್ತಿರಲಿಲ್ಲ. ಅಪ್ಪ ದಿಂಬು, ಚಾಪೆ ಎಲ್ಲ ಕೊಡವಿದರು. ಅಮ್ಮ ತಲೆಯೆತ್ತದೆ ಗಂಜಿ ತಿರುಗಿಸುತ್ತಿದ್ದರು. ನಮ್ಮ ಹೊಸ್ತಿಲಲ್ಲಿ ನಫೀಸಕ್ಕ ಗಂಟು ಕಟ್ಟಿಕೊಂಡು ಮಗಳೊಂದಿಗೆ ಕೂತಿದ್ದರು.

"ಸಿಗುದು ಬೇಡ ಭಾಯಿ," ಎಂದರು. "ಸಿಕ್ಕಿದ್ರೆ ನಾವು ಸಹ ಬರ್ತೇವೆ."

"ಎಲ್ಲಿಗೆ?"

"ನಿಮ್ಮ ಟ್ರಿಪ್ಪಿಗೆ."

ಅಷ್ಟರಲ್ಲಿ ಅಡುಗೆಮನೆಯ ನಲ್ಲಿ ಕೆಮ್ಮಿ, ಬುಸುಗುಟ್ಟಿ ನಿಂತಿತು. ಅಪ್ಪ ತಲೆಗೆ ಕೈಕೊಟ್ಟು ಕೂತರು.

"ಟ್ರಿಪ್ ಅಂದ್ರೆ ಬಸ್ಸಲ್ಲ ಮಾರಾಯ್ತಿ. ಪಂಪು ತನ್ನಷ್ಟಕ್ಕೆ ನಿಲ್ಲುದು. ಟ್ಯಾಂಕಿಯಲ್ಲಿ ನೀರುಂಟು, ಆದ್ರೆ ಅಳೆಯುವ ಸ್ವಿಚ್ಚಿಗೆ ಇಲ್ಲಾಂತ ಸಂಶಯ, ನಿಮ್ಮ ಹಾಗೆಯೇ. ಅದನ್ನು ತಪ್ಪಿಸಿ ಬೇರೆ ವಯರು ಕೊಡುದೇ ಬೈಪಾಸ್. ಕೊಟ್ಟವ ಅಲ್ಲೇ ನಿಂತು ಕಾಯ್ಬೇಕು."

"ಮತ್ತೆ ಗುಟ್ಟು ಯಾಕೆ?" ನಫೀಸಕ್ಕ ಕೇಳಿದರು.

"ಪ್ಯಾನಲ್ ಸತ್ತಿದೇಂತ ಸೈನಿಕರು ಬಿಟ್ಟಿದ್ದಾರೆ. ಓಡ್ತದೇಂತ ಗೊತ್ತಾದ್ರೆ ಕಿತ್ಕೊಂಡು ಹೋಗ್ತಾರೆ. ಆಮೇಲೆ ನೀರು ಖಲಾಸ್."

ಅಮ್ಮ ಅಕ್ಕಿ ಡಬ್ಬಕ್ಕೆ ಕೈಹಾಕಿ, ತಾವೇ ಅಡಗಿಸಿಟ್ಟಿದ್ದ ಇಕಾಮಾ ತೆಗೆದುಕೊಟ್ಟರು. ಅಪ್ಪ ಅದರ ಹುಡಿ ಊದಿ, ಅಮ್ಮನನ್ನೊಮ್ಮೆ ನೋಡಿ, ಓಡಿದರು.

ನಫೀಸಕ್ಕ ಏಳಲಿಲ್ಲ. ನೀರು ಬಂದ ಮೇಲೆ ನಂಬುವ ಎಂದರು. ಮಧ್ಯಾಹ್ನ ಕಳೆದು ನಲ್ಲಿ ಮೊದಲು ಕೆಂಪಗೆ, ಮತ್ತೆ ತಿಳಿಯಾಗಿ ಸುರಿಯಿತು. ಅವರು ತಮ್ಮ ಕೊಡ ತುಂಬಿಸಿದರು, ನಮ್ಮದನ್ನೂ ತುಂಬಿಸಿದರು, ಪುನಃ ಬಂದು ಅದೇ ಹೊಸ್ತಿಲಲ್ಲಿ ಕೂತರು. ಕೊನೆಗೆ ನಿಜವಾದ ಬಸ್ಸು ಸಿಕ್ಕಿ ಎಲ್ಲರೂ ಒಟ್ಟಿಗೆ ಹೊರಟಾಗಲೂ ಅವರ ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಅಮ್ಮನ ಸೆರಗು.

ಈಗ ಅಪ್ಪ, ಅಮ್ಮ ಇಲ್ಲ, ನಿಮ್ಮ ಅಜ್ಜನೂ ಇಲ್ಲ; ಫ್ಲ್ಯಾಟಿನಲ್ಲಿ ನಾನೊಬ್ಬಳೇ. ನಿಮ್ಮನ್ನು ನೋಡಲು ಬರುವಾಗ ನಾನು ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಬೇಕೆಂದೇ ದಡದಡ ಎಳೆಯುತ್ತೇನೆ. ಬೀಗ ಹಾಕಿ ಒಂದು ಗಳಿಗೆ ನಿಲ್ಲುತ್ತೇನೆ. ಎದುರಿನ ಬಾಗಿಲು ತೆರೆಯುವುದಿಲ್ಲ.