ಬೆಟ್ಟದ ತಪ್ಪಲಲ್ಲಿ ಮಗುಚಿದ ಜಟಕಾ

ಬೇಸಿಗೆ ರಜೆ ಬಂದೊಡನೆ ಅರಸೀಕೆರೆಯಲ್ಲಿ ಬೆಳಗಿನ ರೈಲು ಹತ್ತಿದೆ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಉಪಾಧ್ಯಾಯಿನಿ. ಮೈಸೂರಿನಲ್ಲಿ ನನ್ನ ಅಕ್ಕ ಕಮಲಾ ಇದ್ದಳು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಹಾಸನದಲ್ಲಿ ಇಡ್ಲಿ ಸಿಕ್ಕಿತು, ಚಟ್ನಿ ಹಳಸಿತ್ತು. ಕಿಟಕಿ ತೆರೆದರೆ ಎಂಜಿನ್ನಿನ ಕಲ್ಲಿದ್ದಲ ಪುಡಿ, ಮುಚ್ಚಿದರೆ ಸೆಕೆ. ಕೂತಲ್ಲಿ ಕೂರಲಾಗದೆ ಹೊಳೆನರಸೀಪುರದಲ್ಲೂ ಕೃಷ್ಣರಾಜನಗರದಲ್ಲೂ ಇಳಿದು ಹತ್ತಿದೆ. ಎದುರಿಗಿದ್ದ ಅಜ್ಜಿಯೊಬ್ಬರು, "ಗಾಡಿ ಬಿಟ್ಟೋದ್ರೆ ಏನ್ಮಾಡ್ತೀಯಮ್ಮ, ಸುಮ್ನೆ ಕೂತ್ಕೊ" ಎಂದು ಗದರಿಸಿದರು.

ಸರಸ್ವತಿಪುರಂನ ಮನೆಯಲ್ಲಿ ಅಕ್ಕ ಬಿಸಿನೀರು ಕಾಯಿಸಿಟ್ಟು ಕಾಯುತ್ತಿದ್ದಳು. ಭಾವ ಕಚೇರಿ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದರು. ಮರುದಿನ ಬೆಳಗ್ಗೆ ಇಬ್ಬರೂ ಬಸ್ಸಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋದೆವು. ದರ್ಶನ ಬೇಗ ಆಯಿತು. ಬಸ್ಸಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಮೆಟ್ಟಿಲಿಳಿಯೋಣವೆಂದೆ. ನಂದಿಯ ಹತ್ತಿರ ಕೂತು ಸೌತೆಕಾಯಿ ತಿಂದು, ತಪ್ಪಲು ಸೇರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿ ಒಂದೇ ಜಟಕಾ ನಿಂತಿತ್ತು. ಓಡಿಸುವವರು ಲಷ್ಕರ್ ಮೊಹಲ್ಲಾದ ಹುಸೇನ್ ಸಾಬರು, ಸಣಕಲು ಮೈಯ ಹಿರಿಯರು. "ಹುಲ್ಲು ಮೆತ್ತಗೆ ಹಾಕಿದೀನಮ್ಮಾ, ಆರಾಮಾಗಿ ಕೂತ್ಕೊಳ್ಳಿ" ಎಂದರು.

ಸ್ವಲ್ಪ ದೂರ ಹೋಗಿದ್ದೆವು. ಹಿಂದಿನಿಂದ ಬಂದ ಲಾರಿಯೊಂದು ಒಮ್ಮೆಲೇ ಹಾರನ್ ಹೊಡೆಯಿತು. ಕುದುರೆ ಬೆದರಿ ರಸ್ತೆಬದಿಗೆ ನುಗ್ಗಿತು. ಒಂದು ಚಕ್ರ ಚರಂಡಿಗಿಳಿದು ಜಟಕಾ ಮಗುಚಿತು. ಕಣ್ಣು ಬಿಟ್ಟಾಗ ನಾನು ಹುಲ್ಲಿನ ಮೇಲೆ ಬಿದ್ದಿದ್ದೆ. ಮೊಣಕೈ ತರಚಿತ್ತು, ಅಷ್ಟೆ. ಅಕ್ಕ ಅಷ್ಟು ದೂರದಲ್ಲಿ ಬಿದ್ದು, "ಸರೋಜಾ, ಕಾಲು ಕಣೇ, ನನ್ನ ಕಾಲು!" ಎಂದು ಚೀರುತ್ತಿದ್ದಳು. ಮೊಣಕಾಲಿನ ಕೆಳಗೆ ಕಾಲು ವಕ್ರವಾಗಿ ತಿರುಗಿತ್ತು. ನಾನು ಅವಳ ಕಡೆಗೇ ಓಡಿದೆ. ಅರ್ಧ ದಾರಿಯಲ್ಲಿ ಸಾಬರು ಕಂಡರು. ಅವರು ಕೂಗುತ್ತಿರಲಿಲ್ಲ. ಜಟಕಾದ ಮುರಿದ ಮರದ ಸಿಬಿರು ತೊಡೆ ಸೀಳಿತ್ತು. ಪಾಯಿಜಾಮ ನೆನೆದು ರಕ್ತ ಮಣ್ಣಿಗೆ ಇಳಿಯುತ್ತಿತ್ತು.

ಹಿಂದಿನ ವರ್ಷ ನಮ್ಮ ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ತರಗತಿ ನಡೆದಿತ್ತು. ಕೂಗುವವರಿಗೆ ಉಸಿರಿದೆ, ಸುಮ್ಮನಿರುವವರನ್ನು ಮೊದಲು ನೋಡಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಅಕ್ಕ ಕೈ ಚಾಚಿದ್ದಳು. ನಾನು ಸಾಬರ ಪಕ್ಕದಲ್ಲಿ ಮಂಡಿಯೂರಿದೆ. ಅವರ ಹೆಗಲ ವಸ್ತ್ರವನ್ನೇ ಮಡಿಸಿ ಗಾಯದ ಮೇಲಿಟ್ಟು, ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ.

"ಇಲ್ಲಿ ಬಾರೇ! ನಾನು ಸಾಯ್ತಿದೀನಿ!" ಎಂದಳು ಅಕ್ಕ.

"ನೀನು ಸಾಯಲ್ಲ ಅಕ್ಕ. ಅಲ್ಲಾಡಬೇಡ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಸೌದೆ ಗಾಡಿ ಹೊಡೆದುಕೊಂಡು ಬರುತ್ತಿದ್ದ ರೈತರೊಬ್ಬರು ಇಳಿದು ಓಡಿಬಂದರು. ಹೆಸರು ಸಿದ್ದೇಗೌಡರು. "ಕಾಪಿಪುಡಿ ತುಂಬುಬುಡಿ ಕಣಮ್ಮ, ರಕ್ತ ನಿಂತೋಯ್ತದೆ" ಎಂದರು. ಏನನ್ನೂ ತುಂಬುವುದು ಬೇಡ, ನಮ್ಮಕ್ಕನ ಕಾಲು ಕಟ್ಟಿಕೊಡಿ ಎಂದು ಬೇಡಿಕೊಂಡೆ. ನಾನು ಇದ್ದಲ್ಲಿಂದಲೇ ಹೇಳುತ್ತ ಹೋದೆ. ಅವರು ಬಿಸಿಲಿಗೆಂದು ನಾವು ತಂದಿದ್ದ ಕೊಡೆಯನ್ನು ಕಾಲಿನ ಪಕ್ಕಕ್ಕಿಟ್ಟು, ತಮ್ಮ ಟವಲಿನಿಂದಲೂ ಅಕ್ಕನ ಸೀರೆಯ ಸೆರಗಿನಿಂದಲೂ ಎರಡು ಕಾಲನ್ನೂ ಸೇರಿಸಿ ಕಟ್ಟಿದರು. ಪ್ರತಿ ಗಂಟಿಗೂ ಅಕ್ಕ ಕೂಗಿದಳು. ಒಮ್ಮೆ ನನ್ನನ್ನೇ ದಿಟ್ಟಿಸಿ, "ನಿನ್ನನ್ನ ಎತ್ತಿ ಆಡಿಸಿದ್ದು ಇದಕ್ಕೇನೇ?" ಎಂದಳು. ಕೈಯ ಕೆಳಗಿನ ಬಟ್ಟೆ ಒದ್ದೆಯಾಯಿತು. ಅದನ್ನು ತೆಗೆಯದೆ, ಗೌಡರು ಕೊಟ್ಟ ಅಂಗಿಯನ್ನು ಅದರ ಮೇಲೆಯೇ ಇಟ್ಟು ಮತ್ತೆ ಒತ್ತಿದೆ.

ಹಾರನ್ ಹೊಡೆದ ಲಾರಿ ನಿಲ್ಲದೆ ಹೋಗಿತ್ತು. ಇಟ್ಟಿಗೆ ಇಳಿಸಿ ಬರುತ್ತಿದ್ದ ಇನ್ನೊಂದು ಲಾರಿ ಸಿಕ್ಕಿತು. ಜನ ಸೇರಿ ಇಬ್ಬರನ್ನೂ ಹಿಂದೆ ಮಲಗಿಸಿದರು. ಸಾಬರು ಬಾಯಿ ತೆರೆದದ್ದು ಒಂದೇ ಸಲ: "ಕುದುರೆ ಎಲ್ಲಮ್ಮಾ?" ನಾನು ನೋಡೇ ಇರಲಿಲ್ಲ. "ನಾ ಹಿಡ್ಕಂಡು ನಿಮ್ಮನೇಗೆ ಬುಡ್ತೀನಿ, ಹೋಗಿ ಸಾಬ್ರೇ" ಎಂದು ಗೌಡರು ಕೆಳಗಿನಿಂದ ಕೂಗಿದರು.

ಪೇಟೆಯ ಆ ದಾರಿ ಅಷ್ಟು ಉದ್ದವೆಂದು ನನಗೆ ಎಂದೂ ಅನಿಸಿರಲಿಲ್ಲ. ದನಗಳಿಗೆ ನಿಂತೆವು, ಸೈಕಲ್ಲುಗಳಿಗೆ ನಿಂತೆವು. ಲಾರಿ ಕುಲುಕಿದಾಗಲೆಲ್ಲ ಅಕ್ಕನ ಕೈ ನನ್ನ ಸೀರೆಯನ್ನು ಹುಡುಕುತ್ತಿತ್ತು. ಸಾಬರ ಗಾಯ ಒತ್ತಿಹಿಡಿದಿದ್ದ ನನಗೆ ಅದನ್ನು ಹಿಡಿದುಕೊಳ್ಳಲು ಕೈಯಿರಲಿಲ್ಲ. ಸಾಬರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅವರ ಹೆಸರು ಹಿಡಿದು ಕೂಗುತ್ತಲೇ ಇದ್ದೆ. ಆಸ್ಪತ್ರೆಯ ಬಾಗಿಲಲ್ಲಿ ನರ್ಸೊಬ್ಬರು ನನ್ನ ಬೆರಳುಗಳನ್ನು ಬಿಡಿಸಿದರು, ಅವು ಮರಗಟ್ಟಿದ್ದವು.

ಆಮೇಲಿನ ದಿನಗಳಲ್ಲಿ ನಾನು ಮೈಸೂರು ನೋಡಲಿಲ್ಲ. ಹೆಂಗಸರ ವಾರ್ಡಿನಿಂದ ಗಂಡಸರ ವಾರ್ಡಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ ತಿರುಗುವುದೇ ಆಯಿತು. ಭಾವ ಬಂದರು. ಅಕ್ಕನ ಕಾಲಿಗೆ ಪ್ಲಾಸ್ಟರ್ ಹಾಕಿದರು. ಅವಳು ಗಂಜಿ ಕುಡಿಯುತ್ತಿದ್ದಳು, ನನ್ನೊಡನೆ ಮಾತಾಡುತ್ತಿರಲಿಲ್ಲ. ಸಾಬರಿಗೆ ರಕ್ತ ಕೊಟ್ಟು ಹೊಲಿಗೆ ಹಾಕಿದ್ದರು. "ಇನ್ನೊಂದು ಸ್ವಲ್ಪ ರಕ್ತ ಹೋಗಿದ್ದರೂ ಕಷ್ಟವಾಗುತ್ತಿತ್ತು" ಎಂದರು ಡಾಕ್ಟರು. ಎಚ್ಚರವಾದ ಮೇಲೆ ಸಾಬರು ಕೇಳಿದ್ದು, "ಅಕ್ಕಾವ್ರ ಕಾಲು ಹೇಗಿದೆಯಮ್ಮಾ?" ಎಂದು. ಅದನ್ನು ಅಕ್ಕನಿಗೆ ಹೇಳಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ರಜೆ ಮುಗಿಯಿತು. ಹೊರಡುವ ಬೆಳಗ್ಗೆ ಬ್ಯಾಗು ಹಿಡಿದೇ ವಾರ್ಡಿಗೆ ಹೋದೆ. ಅಕ್ಕ ನನ್ನ ಕೈ ಎಳೆದು ಹಾಸಿಗೆಯ ಮೇಲೆ ಕೂರಿಸಿಕೊಂಡಳು.

"ಆ ಮನುಷ್ಯನ ಹತ್ರ ಹೋಗಿದ್ದು ಸರಿ ಕಣೇ. ಎಲ್ರೂ ಹೇಳಿದ್ರು, ನನಗೂ ಗೊತ್ತಾಗತ್ತೆ" ಎಂದಳು. "ಆದ್ರೆ ನೀನು ಅರ್ಧ ದಾರಿಗೆ ಬಂದು ಆ ಕಡೆ ತಿರುಗಿದೆಯಲ್ಲ, ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ" ಎಂದಳು.

"ನನಗೂ ಅಕ್ಕ."

ಅವಳು ನನ್ನ ಕೈ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನೀವುತ್ತ ಕೂತಳು. ರೈಲಿಗೆ ಹೊತ್ತಾಯಿತೆಂದು ಭಾವ ಬಾಗಿಲಿನಿಂದ ಕರೆದರು. ನನಗೆ ಏಳಬೇಕೆನಿಸಲಿಲ್ಲ. ಆ ಗಾಡಿ ಹೋಯಿತು. ಮಧ್ಯಾಹ್ನದ ಗಾಡಿಗೆ ಊರಿಗೆ ಹೊರಟೆ.