ಮೂತ್ರಪಿಂಡದ ನೀರುಗಂಟಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಿಂದ ಬಂದು ಜರಗನಹಳ್ಳಿಯಲ್ಲಿ ಮಹಡಿ ಮೇಲಿನ ಒಂದು ರೂಮು ಹಿಡಿದೆ. ನರ್ಸಿಂಗ್ ಓದುವ ಹುಡುಗಿಯರಿಗೆ ಶರೀರಶಾಸ್ತ್ರ ಪಾಠ ಮಾಡುವುದು ನನ್ನ ಕೆಲಸ. ಕೆಳಗೆ ಮನೆಯ ಮಾಲಕಿ. ಅವರ ಹೊಲ ಸೈಟಾಗಿ, ಸೈಟು ಬಾಡಿಗೆ ಮನೆಗಳಾಗಿದ್ದರೂ ಮಧ್ಯಾಹ್ನದ ಮುದ್ದೆ ಉಪ್ಸಾರು ಮಾತ್ರ ಬಿಟ್ಟವರಲ್ಲ. ಅವರಿಗೆ ಬಿಪಿ ಇತ್ತು, ನನಗೆ ಬಾಯಿ ಇತ್ತು. ಹೊಂದಿಕೆಯಾಗಲಿಲ್ಲ.

ತಿಂಗಳಿಗೊಮ್ಮೆ ಅವರು ಕನಕಪುರ ರಸ್ತೆಯ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಅದಕ್ಕೆ ಮೂರು ದಿನ ಮುಂಚೆ ಉಪ್ಸಾರು ಬಂದ್, ಉಪ್ಪಿನಕಾಯಿ ಬಂದ್, ಹೊತ್ತುಹೊತ್ತಿಗೆ ಮಾತ್ರೆ, ವ್ರತ ಹಿಡಿದ ಹಾಗೆ. ಡಾಕ್ಟರು ತೋಳಿಗೆ ಪಟ್ಟಿ ಬಿಗಿದು ನೋಡಿ ಗುಡ್ ಅನ್ನುತ್ತಿದ್ದರು. ಆ ಗುಡ್ ತಗೊಂಡು ಬಂದು ಅವತ್ತೇ ಮಧ್ಯಾಹ್ನ ಎರಡು ಮುದ್ದೆ. ಹೊಸ ಮಾತ್ರೆಗಳು ಹೋಗುತ್ತಿದ್ದುದು ಸಾಸಿವೆ ಡಬ್ಬಿಗೆ.

ಒಗ್ಗರಣೆಗೆಂದು ಸಾಸಿವೆ ಕೇಳಲು ಹೋದ ದಿನ ಆ ಡಬ್ಬಿ ನನ್ನ ಕೈಗೆ ಸಿಕ್ಕಿತು. ಅವರ ಪಾದ ನೋಡಿದೆ. ಊದಿಕೊಂಡು, ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು.

"ಅಕ್ಕಾರ, ಯಾರಿಗೆ ಮೋಸಾ ಮಾಡಾಕ ಹತ್ತೀರಿ? ಡಾಕ್ಟರಿಗೋ, ನಿಮಗೋ?"

"ಡಾಕ್ಟ್ರೇ ಮೆಚ್ಕೊಂಡವ್ರೆ. ನಿಂದೇನವ್ವ ಮಧ್ಯ?"

ಅವರ ಮಾವ ಊರ ಕೆರೆಯ ನೀರುಗಂಟಿಯಾಗಿದ್ದವರು, ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವರು. ನಾನು ಅದನ್ನೇ ಹಿಡಿದೆ. ಮೂತ್ರಪಿಂಡದ ಸಣ್ಣ ರಕ್ತನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ, ಬದುಕುವುದು ಕೆಲವೇ ಕ್ಷಣ, ಅಷ್ಟರಲ್ಲೇ ನಾಳವನ್ನು ಸಡಿಲಿಸಿ, ಉಪ್ಪನ್ನೂ ನೀರನ್ನೂ ಆಚೆ ಬಿಡು ಎಂದು ಹೇಳಿ ಹೋಗುತ್ತದೆ. ಅದೇ ನಿಮ್ಮೊಳಗಿನ ನೀರುಗಂಟಿ ಎಂದೆ. ಅವನು ಸೋತರೆ ಉಪ್ಪು ಒಳಗೇ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ, ಒತ್ತಡ ಏರಿ ಮೂತ್ರಪಿಂಡವನ್ನೇ ತಿನ್ನುತ್ತದೆ. ಅವರು ಪೂರ್ತಿ ಕೇಳಿಸಿಕೊಂಡರು.

"ತೂಬು ಎತ್ತದಿದ್ರೆ ಕೆರೆ ಏರಿನೇ ಒಡ್ದೋಗುತ್ತೆ, ನಂಗೊತ್ತಿಲ್ವಾ," ಅಂದರು. ಮಧ್ಯಾಹ್ನ ಮತ್ತೆ ಉಪ್ಸಾರೇ.

ಮುಂದಿನ ತಿಂಗಳು ನಾನೂ ಜೊತೆಗೆ ಹೋಗಿ ಡಾಕ್ಟರ ಎದುರೇ ಸಾಸಿವೆ ಡಬ್ಬಿಯ ಕತೆ ಹೇಳಿಬಿಟ್ಟೆ. ಮೂತ್ರ ಪರೀಕ್ಷೆಯಾಯಿತು. ಪ್ರೋಟೀನ್ ಸೋರುತ್ತಿತ್ತು. ಮೂತ್ರಪಿಂಡಕ್ಕೆ ಆಗಲೇ ಪೆಟ್ಟು ಬಿದ್ದಿದೆ, ಹೀಗೇ ಬಿಟ್ಟರೆ ಡಯಾಲಿಸಿಸ್ಸೇ ಗತಿ ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂರಲಿಲ್ಲ. ಗೇಟಿನ ಹತ್ತಿರ ಬಂದ ಮೇಲೆ ಬಾಯಿ ಬಿಟ್ಟರು.

"ನನ್ ಮರ್ಯಾದೆ ಕಳ್ದ್ಯಲ್ಲ. ಮನೆ ಖಾಲಿ ಮಾಡು."

"ಮಾಡಂಗಿಲ್ರಿ. ನೀವು ದಿನಾ ಮಾತ್ರೆ ನುಂಗೂದು ಕಣ್ಣಿಲೆ ನೋಡಿದ ಮ್ಯಾಲೇ ಹೋಗಾಕಿ ನಾ."

ಬಾಡಿಗೆಯವಳಿಗೆ ಇಷ್ಟು ಕೊಬ್ಬಾ ಎಂದು ಬೀದಿಯೆಲ್ಲ ಮಾತಾಯಿತು. ಆಡಿಕೊಳ್ಳಲಿ ಎಂದುಕೊಂಡೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು, ಮನೆ ಹೋಗುತ್ತದೆಂದಲ್ಲ, ಈ ಹೆಂಗಸು ಹೋಗಿಬಿಡುತ್ತಾಳೆಂದು.

ಮರುದಿನ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಲೋಟ ಕುಟ್ಟಿದ ಸದ್ದು. ಇಳಿದು ನೋಡಿದರೆ ಅವರು ನಾಲಗೆ ಚಾಚಿ ನಿಂತಿದ್ದಾರೆ, ನಾಲಗೆಯ ಮೇಲೆ ಬಿಳಿ ಮಾತ್ರೆ. ನುಂಗಿದರು, ನೀರು ಕುಡಿದರು, ಖಾಲಿ ನಾಲಗೆಯನ್ನು ಇನ್ನೊಮ್ಮೆ ಚಾಚಿ ಒಳಗೆ ಹೋದರು. ಆ ಎರಡನೆಯ ಸಲ ಚಾಚಿದ್ದು ನನ್ನನ್ನು ಅಣಕಿಸಲೆಂದೇ ಎಂದು ನನಗೆ ಗೊತ್ತಿತ್ತು.

ನಾಲ್ಕು ವರ್ಷ ದಿನಾ ಹೀಗೇ ನಡೆಯಿತು. ಉಪ್ಸಾರಿನಲ್ಲಿ ಉಪ್ಪು ಕಮ್ಮಿಯಾಯಿತು, ನನಗೆ ಬೈಗುಳ ಜಾಸ್ತಿಯಾಯಿತು. ಪ್ರೋಟೀನ್ ಸೋರುವುದು ಪೂರ್ತಿ ನಿಲ್ಲಲಿಲ್ಲ, ಹೆಚ್ಚಲೂ ಇಲ್ಲ.

ಕಾಲೇಜು ಬದಲಾಗಿ ನಾನು ಬಿಟಿಎಂ ಲೇಔಟಿಗೆ ಹೊರಟ ದಿನ, ಸಾಮಾನೆಲ್ಲ ಟೆಂಪೋಗೆ ಏರಿದ ಮೇಲೆ ಅವರು ಬಂದು ಗಾಡಿಗೆ ಅಡ್ಡ ನಿಂತರು. ಅಂಗೈಯಲ್ಲಿ ಅವತ್ತಿನ ಮಾತ್ರೆ.

"ನಾಳೆಯಿಂದ ಯಾರಿಗ್ ತೋರ್ಸ್ಲಿ ನಾಲ್ಗೆ?"

"ಕನ್ನಡಿಗೆ ತೋರಸ್ರಿ."

"ಕನ್ನಡಿ ಬೈಯಲ್ಲ ಕಣವ್ವ."

ಟೆಂಪೋದಿಂದ ಕೆಳಗಿಳಿದು, ಅವರು ಆ ಮಾತ್ರೆ ನುಂಗುವ ತನಕ ಬೈದೆ.